ಕೊಪ್ಪಳ ಸೀಮೆಯ ಚಿತ್ರಶಾಲೆಗಳು

ಚಿತ್ರಪ್ರದರ್ಶನವೆಂಬುದು ಮಹಾನಗರಗಳಲ್ಲಿ ಹುಟ್ಟಿದ ಹೊಸ ಪದ್ಧತಿಯೆಂದು ಹಲವರು ಭಾವಿಸುವರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಸೀಮೆಯನ್ನು ಬಲ್ಲವರಿಗೆ ಈ ಮಾತು ಸರಿದೋರದು. ಈ ನಾಲ್ಕು ತಾಲೂಕುಗಳು ರಾಯಚೂರಿನಿಂದ ಬೇರ್ಪಟ್ಟು ಒಂದು ಜಿಲ್ಲೆಯಾದುದು 1997ರಲ್ಲಿ. ಆದರೆ ಚಿತ್ರವನ್ನು ಬರೆದು ನಾಲ್ವರ ಕಣ್ಣಿಗೆ ಬೀಳುವಂತೆ ಇಡುವ ಇಲ್ಲಿಯ ರೂಢಿಯು ಅರಸುಮನೆತನಗಳಿಗಿಂತಲೂ ಹಳೆಯದು.

ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಸುಮಾರು 400 ಬೃಹತ್ ಶಿಲಾಸಮಾಧಿಗಳಿರುವುದು ಪ್ರಸಿದ್ಧವಾಗಿದೆ. ಅದೇ ಬೆಟ್ಟದ ಕಲ್ಲಾಸರೆಗಳಲ್ಲಿ ಕೆಂಬಣ್ಣದಿಂದ ಬರೆದ ಮನುಷ್ಯರೂ ಮೃಗಗಳೂ ಇಂದಿಗೂ ಕಾಣುತ್ತಾರೆ. ಬಂಡೆಯ ನೆರಳಿಗೆ ಬಂದು ನಿಂತವರೆಲ್ಲರೂ ಆ ಚಿತ್ರಶಾಲೆಯ ಪ್ರೇಕ್ಷಕರೇ ಆಗಿದ್ದರು. ಮುಂದೆ ದೇವಾಲಯಗಳು ಈ ಕಾರ್ಯವನ್ನು ವಹಿಸಿಕೊಂಡವು. ಕಾಲಿದ್ದವರು ಹಂಪೆಯನ್ನೂ ಕಣ್ಣಿದ್ದವರು ಕನಕಗಿರಿಯನ್ನೂ ನೋಡಬೇಕೆಂಬ ನಾಣ್ಣುಡಿಯು ಈ ನಾಡಿನ ಜನರು ಗುಡಿಯನ್ನು ಪೂಜೆಗೆ ಮಾತ್ರವಲ್ಲದೆ ನೋಟಕ್ಕೂ ಮೀಸಲಿಟ್ಟಿದ್ದರೆಂಬುದನ್ನು ಸಾರುತ್ತದೆ.

ಆದರೆ ಈ ಇತಿಹಾಸದಲ್ಲಿ ಒಂದು ಕೊರತೆಯುಂಟು. ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನೆಂಬುದನ್ನು ಶಾಸನವು ಹೇಳುತ್ತದೆ. ನದಿಯಾಚೆಯ ಹಂಪೆಯಲ್ಲಿ ವಿರೂಪಾಕ್ಷನ ರಂಗಮಂಟಪವನ್ನು ಕೃಷ್ಣದೇವರಾಯನು ತನ್ನ ಪಟ್ಟಾಭಿಷೇಕದ ನೆನಪಿಗಾಗಿ ಕಟ್ಟಿಸಿದನೆಂಬುದಕ್ಕೂ ಶಾಸನಾಧಾರವಿದೆ. ಅದೇ ಮಂಟಪದ ಮಾಳಿಗೆಯಲ್ಲಿ ಗಿರಿಜಾಕಲ್ಯಾಣ, ತ್ರಿಪುರಸಂಹಾರ, ವಿದ್ಯಾರಣ್ಯರ ಮೆರವಣಿಗೆ ಮೊದಲಾದ ವರ್ಣಚಿತ್ರಗಳಿವೆ. ಅವುಗಳನ್ನು ಬರೆದವರು ಕೊಪ್ಪಳದ ಸಮೀಪದ ಕಿನ್ನಾಳದ ಚಿತ್ರಗಾರರ ಪೂರ್ವಿಕರೆಂಬ ಪ್ರತೀತಿಯುಂಟು. ಚಿತ್ರಗಳ ಕಾಲದ ವಿಷಯದಲ್ಲಿಯಾದರೋ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಕಟ್ಟಿಸಿದವನಿಗೆ ಶಾಸನ ದೊರೆಯಿತು, ಬರೆದವನಿಗೆ ಪ್ರತೀತಿ ಮಾತ್ರ ಉಳಿಯಿತು.

ಕಿನ್ನಾಳದ ಕೆಲಸವು ಸಾಮಾನ್ಯವಾದುದಲ್ಲ. ಹಗುರವಾದ ಮರವನ್ನು ಕಡೆದು, ತುಂಡುಗಳನ್ನು ಹುಣಿಸೆಬೀಜದ ಸರಿಯಿಂದ ಜೋಡಿಸುವರು. ಗೋಣಿಯ ಚಿಂದಿಯನ್ನು ನೆನೆಯಿಟ್ಟು, ಒಣಗಿಸಿ, ಪುಡಿಮಾಡಿ, ಅದೇ ಸರಿಯಲ್ಲಿ ಕಲಸಿದ ಕಿಟ್ಟದಿಂದ ಮೈಯನ್ನು ತಿದ್ದುವರು. ಬಟ್ಟೆಯ ಚೂರುಗಳನ್ನು ಅಂಟಿಸಿ, ಬೆಣಚುಕಲ್ಲಿನ ಪುಡಿಯ ಲೇಪವನ್ನು ಕೊಟ್ಟ ಬಳಿಕವೇ ಬಣ್ಣವು ಏರುವುದು. ಇಷ್ಟು ಶ್ರಮದಿಂದ ಸಿದ್ಧವಾದ ದೇವತಾಮೂರ್ತಿಗಳೂ ಬೊಂಬೆಗಳೂ ಹಬ್ಬದ ದಿನ ಬೀದಿಯನ್ನೇ ಪ್ರದರ್ಶನಾಲಯವನ್ನಾಗಿ ಮಾಡುತ್ತವೆ. ಈ ಕಲೆಗೆ ಭೌಗೋಳಿಕ ಸೂಚಿಯ ಮನ್ನಣೆಯೂ ಪ್ರಾಪ್ತವಾಗಿದೆ. ಆದರೆ ಆ ಮನ್ನಣೆಯು ಕಾಪಾಡುವುದು ಊರಿನ ಹೆಸರನ್ನೇ ಹೊರತು ಕುಶಲಿಯ ಹೆಸರನ್ನಲ್ಲ.

ಇದಕ್ಕೆ ಅಪವಾದವಾದ ಒಂದು ಸಂಗತಿಯು ಸಂತೋಷವನ್ನುಂಟುಮಾಡುತ್ತದೆ. ತೊಗಲುಗೊಂಬೆಯಾಟವೂ ಒಂದು ಬಗೆಯ ಚಿತ್ರಪ್ರದರ್ಶನವೇ. ಬಣ್ಣವಿಟ್ಟ ತೊಗಲು ದೀಪದ ಮುಂದೆ ಪರದೆಯ ಮೇಲೆ ಬೆಳಗುವುದು. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಂಬತ್ತನ್ನು ಮೀರಿದ ವಯಸ್ಸಿನಲ್ಲಿ, 2025ರಲ್ಲಿ, ಪದ್ಮಶ್ರೀ ಪ್ರಶಸ್ತಿಯು ಲಭಿಸಿತು. ಪರದೆಯ ಹಿಂದಿದ್ದ ಕಲಾವಿದೆಯ ಹೆಸರು ಪರದೆಯ ಮುಂದಕ್ಕೆ ಬಂದಿತು.

ಊರಿನ ಶಾಲೆಯಲ್ಲಾಗಲಿ ಸಮುದಾಯಭವನದಲ್ಲಾಗಲಿ ನಡೆಯುವ ಸಣ್ಣ ಚಿತ್ರಪ್ರದರ್ಶನದ ಬೆಲೆಯನ್ನು ಈ ಹಿನ್ನೆಲೆಯಲ್ಲಿ ಅಳೆಯಬೇಕು. ನೋಡುವ ಕಣ್ಣುಗಳು ಈ ಸೀಮೆಯಲ್ಲಿ ಎಂದೂ ಕಡಿಮೆಯಾಗಿರಲಿಲ್ಲ. ಚಿತ್ರದ ಕೆಳಗೆ ಅಂಟಿಸುವ, ಬರೆದವರ ಹೆಸರುಳ್ಳ ಅಂಗೈಯಗಲದ ಚೀಟಿಯೊಂದೇ ಹೊಸದು. ಇಟಗಿಯ ಗುಡಿ ಎದ್ದು ಒಂಬತ್ತು ಶತಮಾನಗಳು ಕಳೆದರೂ ಅದನ್ನು ಕಡೆದವರಿಗೆ ದೊರೆಯದುದು ಆ ಚೀಟಿಯೇ ಆಗಿದೆ.