ಐದೇ ಐದು: ಫಾರ್ವರ್ಡ್ ಬಟನ್ನಿಗೆ ಕಡಿವಾಣ ಬಿದ್ದ ಕತೆ

ವಾಟ್ಸಾಪಿನಲ್ಲಿ ಬಂದ ಒಂದು ಮೆಸೇಜನ್ನು ಒಂದೇ ಸಲಕ್ಕೆ ಐದಕ್ಕಿಂತ ಹೆಚ್ಚು ಕಡೆ ಫಾರ್ವರ್ಡ್ ಮಾಡಲು ಹೋಗಿ ನೋಡಿ. ಫೋನು ಒಪ್ಪುವುದಿಲ್ಲ. ಯುಗಾದಿಗೋ ದೀಪಾವಳಿಗೋ ಶುಭಾಶಯ ಕಳಿಸುವಾಗ ಕಿರಿಕಿರಿಯಾಗಿ ಬೈದುಕೊಂಡವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಈ ಐದು ಎಂಬ ಲೆಕ್ಕ ಮೊದಲಿನಿಂದ ಇರಲಿಲ್ಲ. 2018ರ ಜುಲೈನಲ್ಲಿ ಕಂಪನಿ ಅದನ್ನು ಪ್ರಕಟಿಸಿತು, ಅದೂ ಮೊದಲಿಗೆ ಭಾರತಕ್ಕೆ ಮಾತ್ರ. ಅಷ್ಟು ಹೊತ್ತಿಗೆ ಮಕ್ಕಳ ಕಳ್ಳರೆಂಬ ಅನುಮಾನಕ್ಕೆ ದೇಶದಲ್ಲಿ ಒಂದೂವರೆ ವರ್ಷದೊಳಗೆ ಮೂವತ್ತಕ್ಕೂ ಹೆಚ್ಚು ಜನರನ್ನು ಹೊಡೆದು ಕೊಂದಾಗಿತ್ತು. ಅವರಲ್ಲಿ ಒಬ್ಬರು ಬೆಂಗಳೂರಿನಲ್ಲಿ ಸತ್ತರು, ಇನ್ನೊಬ್ಬರು ಬೀದರ್ ಜಿಲ್ಲೆಯ ಒಂದು ಹಳ್ಳಿಯಲ್ಲಿ.

ಗಾಳಿಸುದ್ದಿ ನಮಗೇನೂ ಹೊಸದಲ್ಲ. ತೊಂಬತ್ತರ ದಶಕದಲ್ಲಿ, ರಾತ್ರಿ ಬಂದು ಬಾಗಿಲು ಬಡಿಯುವ ದೆವ್ವಕ್ಕೆ ಹೆದರಿ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ಹಿರಿಯರಿಗೆ ನೆನಪಿದೆ. 1995ರ ಸೆಪ್ಟೆಂಬರ್ 21ರಂದು ಗಣಪ ಹಾಲು ಕುಡಿಯುತ್ತಾನೆ ಎಂಬ ಮಾತು ಎದ್ದಿತು. ಬೆಳಗ್ಗೆ ದೆಹಲಿಯಲ್ಲಿ ಹುಟ್ಟಿದ ಮಾತು ಅದೇ ದಿನ ದೇಶ ಸುತ್ತಿ, ವಿದೇಶದ ದೇವಸ್ಥಾನಗಳನ್ನೂ ಮುಟ್ಟಿತು. ಹೆಚ್ಚಿನಂಶ ಹೋದದ್ದು ಟೆಲಿಫೋನಿನಲ್ಲಿ. ಹಾಗಂತ ಟೆಲಿಫೋನ್ ಇಲಾಖೆಯನ್ನು ಯಾರೂ ದೂರಲಿಲ್ಲ, ದೂರುವಂಥದ್ದೂ ಏನಿರಲಿಲ್ಲ. ಒಬ್ಬರು ಇನ್ನೊಬ್ಬರ ನಂಬರ್ ತಿರುಗಿಸಿ, ಆ ಕಡೆ ಎತ್ತುವವರೆಗೆ ಕಾದು, ಬಾಯಿಬಿಟ್ಟು ಹೇಳಬೇಕಿತ್ತು. ಎತ್ತಿಕೊಂಡವರು ‘ನೀನು ಕಣ್ಣಾರೆ ಕಂಡೆಯಾ?’ ಎಂದು ಕೇಳಬಹುದಿತ್ತು. ಕೇಳಿದರೆ ಹೇಳಿದವರು ಉತ್ತರ ಕೊಡಲೇಬೇಕು. ಸುಳ್ಳು ಆಗಲೂ ಓಡುತ್ತಿತ್ತು, ಆದರೆ ಪ್ರತಿ ಮನೆಯ ಹೊಸ್ತಿಲಲ್ಲೂ ಒಂದು ಗಳಿಗೆ ನಿಂತು ಹೋಗಬೇಕಿತ್ತು.

ಆ ಹೊಸ್ತಿಲು ಮೊದಲು ಸವೆದದ್ದು ಎಸ್ಸೆಮ್ಮೆಸ್ ಕಾಲದಲ್ಲಿ. 2012ರ ಜುಲೈನಲ್ಲಿ ಅಸ್ಸಾಮಿನ ಕೊಕ್ರಝಾರ್ ಕಡೆ ಬೋಡೊ ಜನರ ಮತ್ತು ಮುಸ್ಲಿಮರ ನಡುವೆ ದೊಡ್ಡ ಹಿಂಸಾಚಾರ ನಡೆಯಿತು. ಅದರ ಸೇಡಿಗೆ ಬೆಂಗಳೂರಿನಲ್ಲಿರುವ ಈಶಾನ್ಯ ರಾಜ್ಯದವರ ಮೇಲೆ ರಂಜಾನ್ ಹಬ್ಬದ ಹೊತ್ತಿಗೆ ದಾಳಿಯಾಗುತ್ತದೆ ಎಂಬ ಮೆಸೇಜು ಆಗಸ್ಟ್ ಮಧ್ಯದಲ್ಲಿ ಫೋನಿಂದ ಫೋನಿಗೆ ಹಾರಿತು. ಸೆಕ್ಯುರಿಟಿ ಗಾರ್ಡುಗಳು, ಹೋಟೆಲ್ ಕೆಲಸದವರು, ಬ್ಯೂಟಿ ಪಾರ್ಲರಿನ ಹುಡುಗಿಯರು, ಕಾಲೇಜು ಮಕ್ಕಳು ಗಂಟುಮೂಟೆ ಕಟ್ಟಿ ರೈಲ್ವೆ ಸ್ಟೇಷನ್ ಸೇರಿದರು. ಎರಡು ಮೂರು ದಿನಗಳಲ್ಲಿ ಸಾವಿರ ಸಾವಿರ ಜನ ಊರು ಬಿಟ್ಟರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಸರ್ಕಾರದವರು ಪ್ಲಾಟ್‌ಫಾರ್ಮಿಗೇ ಹೋಗಿ, ಏನೂ ಆಗುವುದಿಲ್ಲ, ಹೋಗಬೇಡಿ ಎಂದು ಕೈಮುಗಿದರು. ಮೆಸೇಜಿನಲ್ಲಿ ಹೇಳಿದಂಥ ದಾಳಿ ನಡೆಯಲೇ ಇಲ್ಲ. ಆದರೆ ಜೇಬಿನಲ್ಲಿ ಮೆಸೇಜು ಇಟ್ಟುಕೊಂಡವರಿಗೆ ಮೈಕಿನ ಮಾತು ಕೇಳಿಸಲಿಲ್ಲ.

ಆಗ ಕೇಂದ್ರ ಸರ್ಕಾರ ಮಾಡಿದ ಒಂದು ಕೆಲಸವನ್ನು ಈಗ ಯಾರೂ ನೆನಪಿಸಿಕೊಳ್ಳುವುದಿಲ್ಲ. ಆಗಸ್ಟ್ 17ರಂದು ದೇಶಾದ್ಯಂತ ರಾಶಿ ಎಸ್ಸೆಮ್ಮೆಸ್‌ಗೆ ಹದಿನೈದು ದಿನದ ನಿರ್ಬಂಧ ಹಾಕಿತು. ಐದಕ್ಕಿಂತ ಹೆಚ್ಚು ಮೆಸೇಜು ಕಳಿಸುವಂತಿಲ್ಲ. ಕೆಲವು ದಿನಗಳಲ್ಲಿ ಆ ಐದನ್ನು ಇಪ್ಪತ್ತಕ್ಕೆ ಏರಿಸಿದರು, ತಿಂಗಳ ಕೊನೆಗೆ ತೆಗೆದರು. ಅದು ಒರಟು ಕ್ರಮವೇ. ಬೆಂಗಳೂರಿನ ವದಂತಿಗೂ ತನಗೂ ಸಂಬಂಧವಿಲ್ಲದ ರೈತನ ಫೋನೂ ಕಟ್ಟಿಹೋಯಿತು. ಆದರೂ ಐದು ಎಂಬ ಸಂಖ್ಯೆ ನಮ್ಮ ಇತಿಹಾಸದಲ್ಲಿ ಬಂದದ್ದು ಅಲ್ಲಿ. ಕಳಿಸುವ ಸಂಖ್ಯೆಗೆ ಮಿತಿ ಹಾಕಬಹುದು ಎಂಬುದು 2012ರಲ್ಲೇ ಎಲ್ಲರಿಗೂ ಗೊತ್ತಿತ್ತು. ಕತೆಯ ಮುಂದಿನ ಭಾಗ ಓದುವಾಗ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಆಮೇಲೆ ಎಲ್ಲ ಬೇಗ ಬೇಗ ಆಯಿತು. 2014ರಲ್ಲಿ ಫೇಸ್‌ಬುಕ್ ಕಂಪನಿ 1900 ಕೋಟಿ ಡಾಲರಿಗೆ ವಾಟ್ಸಾಪನ್ನು ಕೊಳ್ಳುವುದಾಗಿ ಪ್ರಕಟಿಸಿತು. 2016ರಲ್ಲಿ ಒಂದು ಗ್ರೂಪಿನ ಮಿತಿ ನೂರರಿಂದ 256 ಜನಕ್ಕೆ ಏರಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಕಳಿಸಿದವರು, ಪಡೆದವರು ಬಿಟ್ಟರೆ ಮತ್ಯಾರೂ, ಕಂಪನಿಯೂ ಸಹ ಮೆಸೇಜು ಓದಲಾಗದಂಥ ಗೂಢಲಿಪಿ ಬಂತು. ಸೆಪ್ಟೆಂಬರ್‌ನಲ್ಲಿ ಜಿಯೊ ಬಂತು, ಡೇಟಾ ಪುಕ್ಕಟೆಯಾಯಿತು. ಪತ್ರಿಕೆ ಬಾರದ ಊರಿಗೂ ವಿಡಿಯೊ ಬಂತು. ಆಗ ಒಬ್ಬರು ಒಂದು ವಿಡಿಯೊವನ್ನು ಒಮ್ಮೆಗೆ ಸುಮಾರು 250 ಕಡೆ ಕಳಿಸಬಹುದಿತ್ತು. ಅವೆಲ್ಲ ತುಂಬಿದ ಗ್ರೂಪುಗಳೇ ಆಗಿದ್ದರೆ ಒಂದು ಬೆರಳ ಕೆಲಸಕ್ಕೆ 64,000 ಫೋನು. ನಮ್ಮ ಎಷ್ಟೋ ಪಟ್ಟಣಗಳಲ್ಲಿ ಅಷ್ಟು ಜನ ಇಲ್ಲ. ವಿಡಿಯೊದ ಪಕ್ಕದಲ್ಲೇ ಒಂದು ಬಾಣದ ಗುರುತು ಇರುತ್ತಿತ್ತು, ಒತ್ತಿದರೆ ಮುಗಿಯಿತು. ಅದನ್ನು ಯಾರು ಮೊದಲು ಹೇಳಿದ್ದು, ಎಷ್ಟು ಕೈ ದಾಟಿ ಬಂದದ್ದು ಎಂದು ತಿಳಿಯಲು ಯಾವ ಗುರುತೂ ಇರಲಿಲ್ಲ. ಅಪರಿಚಿತ ಯಾರೋ ಮಾಡಿದ ವಿಡಿಯೊ ಸೋದರಮಾವನ ಹೆಸರಿನಲ್ಲಿ ಬರುತ್ತಿತ್ತು, ಸೋದರಮಾವನಷ್ಟೇ ನಂಬಿಕೆ ಗಿಟ್ಟಿಸುತ್ತಿತ್ತು.

2017ರ ಮೇ ತಿಂಗಳಲ್ಲಿ ಜಾರ್ಖಂಡಿನಲ್ಲಿ ಮಕ್ಕಳ ಕಳ್ಳರೆಂದು ಒಂದೇ ದಿನ ಏಳು ಜನರನ್ನು ಕೊಂದರು. ಮರುವರ್ಷ ಅದು ದಕ್ಷಿಣಕ್ಕೂ ಬಂತು. ಹೆಚ್ಚು ಓಡಾಡಿದ ವಿಡಿಯೊದಲ್ಲಿ ಬೈಕಿನಲ್ಲಿ ಬಂದ ಇಬ್ಬರು ರಸ್ತೆಯಲ್ಲಿ ಕ್ರಿಕೆಟ್ ಆಡುವ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ನಮ್ಮ ದೇಶದ್ದೇ ಅಲ್ಲ. ಪಾಕಿಸ್ತಾನದ ಕರಾಚಿಯಲ್ಲಿ ಕಾಣೆಯಾದ ಮಕ್ಕಳ ಸಲುವಾಗಿ ದುಡಿಯುವ ರೋಶ್ನಿ ಹೆಲ್ಪ್‌ಲೈನ್ ಎಂಬ ಸಂಸ್ಥೆ ತಂದೆತಾಯಿಗಳನ್ನು ಎಚ್ಚರಿಸಲು ಮಾಡಿಸಿದ ಜಾಹೀರಾತು. ಕೊನೆಗೆ ಬೈಕಿನವರು ಮಗುವನ್ನು ವಾಪಸ್ ತಂದು ಬಿಟ್ಟು, ಮಗು ಕದಿಯಲು ಒಂದು ಕ್ಷಣ ಸಾಕು ಎಂಬ ಅರ್ಥದ ಬರಹ ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದ್ದರು. ಮಕ್ಕಳನ್ನು ಕಾಯಲು ಮಾಡಿದ ಚಿತ್ರ ಹೀಗೆ ಜನರನ್ನು ಕೊಲ್ಲಿಸಿತು.

2018ರ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ 26 ವರ್ಷದ ಯುವಕನನ್ನು ಹಗ್ಗದಿಂದ ಕಟ್ಟಿ ಹೊಡೆದು ಕೊಂದರು. ಜೂನ್ ಕೊನೆಗೆ ತ್ರಿಪುರದಲ್ಲಿ ನಡೆದದ್ದು ಇನ್ನೂ ವಿಚಿತ್ರ. ವದಂತಿ ನಂಬಬೇಡಿ ಎಂದು ಮೈಕು ಹಿಡಿದು ಊರೂರಿಗೆ ಸಾರಲು ಸರ್ಕಾರ ಒಬ್ಬರನ್ನು ನೇಮಿಸಿತ್ತು. ನಮ್ಮ ಕಡೆ ಡಂಗುರ ಸಾರುತ್ತಿದ್ದಂತೆ. ಜನ ಅವರನ್ನೇ ಮಕ್ಕಳ ಕಳ್ಳ ಎಂದು ಕೊಂದರು.

ಜುಲೈ 1ರ ಭಾನುವಾರ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಸಂತೆ. ಭಿಕ್ಷೆಗೆ ಬಂದಿದ್ದ ಐವರನ್ನು ಗ್ರಾಮ ಪಂಚಾಯ್ತಿ ಕಚೇರಿಯೊಳಗೇ ಕೂಡಿಹಾಕಿ ಜಜ್ಜಿ ಕೊಂದರು. ಅವರು ನಾಥಪಂಥಿ ಡವರಿ ಗೋಸಾವಿ ಎಂಬ ಅಲೆಮಾರಿ ಸಮುದಾಯದವರು, ಊರು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ಕಡೆ. ಬಸವಣ್ಣ ಬಿಜ್ಜಳನ ಆಸ್ಥಾನದಲ್ಲಿ ಕೆಲಸಕ್ಕಿದ್ದ ಮಂಗಳವಾಡ ಅದೇ. ಜೋಗಿ, ಗೊಂದಲಿಗ, ಬುಡಬುಡಿಕೆಯವರು, ಕೋಲೆಬಸವನವರು ಎಂದು ನಮ್ಮ ಊರುಗಳಿಗೂ ತಲೆತಲಾಂತರದಿಂದ ಇಂಥವರು ಬರುತ್ತಿದ್ದಾರೆ. ಬೇರೆ ಊರಿನ ಸುದ್ದಿ ಹೊತ್ತು ತರುತ್ತಿದ್ದವರೂ ಒಂದು ಕಾಲಕ್ಕೆ ಅವರೇ.

ಅದಾಗಿ ಹನ್ನೆರಡು ದಿನಕ್ಕೆ, ಜುಲೈ 13ರಂದು, ಬೀದರ್ ಜಿಲ್ಲೆಯಲ್ಲಿ ಆಗ ಔರಾದ್ ತಾಲ್ಲೂಕಿಗೆ ಸೇರಿದ್ದ ಮುರ್ಕಿ. ಹೈದರಾಬಾದಿನಿಂದ ಗೆಳೆಯರು ಕಾರಿನಲ್ಲಿ ಬಂದಿದ್ದರು. ಜೊತೆಗೆ ಕತಾರ್ ದೇಶದ ಒಬ್ಬರಿದ್ದರು. ದಾರಿಯಲ್ಲಿ ಒಂದು ಊರಿನ ಹತ್ತಿರ ಶಾಲೆ ಮಕ್ಕಳಿಗೆ ಅವರು ಚಾಕೊಲೇಟ್ ಕೊಟ್ಟರು. ಅಷ್ಟಕ್ಕೇ ಜನ ಸೇರಿದರು, ಮಾತಿಗೆ ಮಾತು ಬೆಳೆಯಿತು, ಅವರು ಹೆದರಿ ಕಾರು ಓಡಿಸಿದರು. ಅಲ್ಲಿದ್ದವರು ತೆಗೆದ ವಿಡಿಯೊ ಗ್ರೂಪಿಗೆ ಬಿತ್ತು. ಕಾರಿಗಿಂತ ಮೊದಲು ವಿಡಿಯೊ ಮುರ್ಕಿ ತಲುಪಿತ್ತು, ದಾರಿಗೆ ಅಡ್ಡ ಹಾಕಿ ಜನ ಕಾಯುತ್ತಿದ್ದರು. ಕಾರು ಹಳ್ಳಕ್ಕೆ ಬಿತ್ತು. ಒಳಗಿದ್ದವರನ್ನು ಎಳೆದು ಹೊಡೆದರು, ತಡೆಯಲು ಬಂದ ಪೊಲೀಸರಿಗೂ ಪೆಟ್ಟು ಬಿತ್ತು. 32 ವರ್ಷದ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರು. ಪೊಲೀಸರು ಸುಮಾರು ಮೂವತ್ತು ಜನರನ್ನು ಹಿಡಿದರು. ಗ್ರೂಪಿನ ಅಡ್ಮಿನ್ ಕೂಡ ಅದರಲ್ಲಿದ್ದರು.

ಹೊಡೆದವರು ಹೊಡೆದರು, ಅದಕ್ಕೆ ಫೋನನ್ನು ನೆಪ ಮಾಡಲಾಗದು. ಮಕ್ಕಳ ಮೇಲಿನ ಕಾಳಜಿ ಎಂಬ ಮಾತನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಸತ್ತವರ ಪಟ್ಟಿ ನೋಡಿದರೆ ಬಹುಪಾಲು ಅಲೆಮಾರಿಗಳು, ಬೇರೆ ಭಾಷೆಯವರು, ಬೇರೆ ಧರ್ಮದವರು, ಬುದ್ಧಿ ಸ್ಥಿಮಿತವಿಲ್ಲದವರು. ಊರಿನ ಸಾಹುಕಾರರನ್ನು ಯಾರೂ ಮಕ್ಕಳ ಕಳ್ಳ ಎಂದು ತಪ್ಪು ತಿಳಿಯಲಿಲ್ಲ. ಆದರೆ ನಮ್ಮೊಳಗಿದ್ದ ಆ ಅನುಮಾನವನ್ನು ಕಾರಿಗಿಂತ ಮುಂದೆ ಓಡಿಸಿದ್ದು ಒಂದು ಯಂತ್ರ. ಅದಕ್ಕೊಬ್ಬ ಮಾಲೀಕನಿದ್ದ.

ಆ ಮಾಲೀಕ ಏನು ಮಾಡಿದ ಎಂಬುದಕ್ಕೆ ದಿನಾಂಕಗಳೇ ಸಾಕ್ಷಿ. ರೈನ್‌ಪಾಡಾದ ನಂತರ ಕೇಂದ್ರ ಐಟಿ ಸಚಿವಾಲಯ ಕಂಪನಿಗೆ ಎಚ್ಚರಿಕೆ ಕೊಟ್ಟಿತು. ಜುಲೈ 10ರಂದು ಕಂಪನಿ ಪತ್ರಿಕೆಗಳಲ್ಲಿ ಪೂರ್ತಿ ಪುಟದ ಜಾಹೀರಾತು ಹಾಕಿ, ಸುದ್ದಿಯನ್ನು ಪರೀಕ್ಷಿಸಿ ನೋಡಿ ಎಂದು ನಮಗೇ ಬುದ್ಧಿ ಹೇಳಿತು. ಅದೇ ದಿನ ‘ಫಾರ್ವರ್ಡ್ ಆಗಿದ್ದು’ ಎಂಬ ಗುರುತು ಬಂತು. ಮುರ್ಕಿ ನಡೆದದ್ದು ಅದಾದ ಮೂರನೇ ದಿನಕ್ಕೆ. ಜುಲೈ 17ರಂದು ಸುಪ್ರೀಂ ಕೋರ್ಟ್ ತೆಹಸೀನ್ ಪೂನಾವಾಲಾ ಪ್ರಕರಣದಲ್ಲಿ ತೀರ್ಪು ಕೊಟ್ಟು, ಗುಂಪುಹತ್ಯೆ ತಡೆಯಲು ಪ್ರತಿ ಜಿಲ್ಲೆಗೂ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ನೋಡಲ್ ಅಧಿಕಾರಿ ಬೇಕು ಎಂದಿತು. 19ರಂದು ಸಚಿವಾಲಯ ಎರಡನೇ ನೋಟಿಸ್ ಕೊಟ್ಟು, ಮೂಕಪ್ರೇಕ್ಷಕರಂತೆ ಕೂತರೆ ಕುಮ್ಮಕ್ಕು ಕೊಟ್ಟವರೆಂದೇ ಪರಿಗಣಿಸಬೇಕಾದೀತು ಎಂದಿತು. ಆ ನೋಟಿಸಿನ ಬೆನ್ನಿಗೇ ಕಂಪನಿಯ ಪ್ರಕಟಣೆ ಬಂತು: ಭಾರತದಲ್ಲಿ ಒಮ್ಮೆಗೆ ಐದು ಚಾಟ್ ಮಾತ್ರ, ವಿಡಿಯೊ ಪಕ್ಕದ ಬಾಣದ ಗುರುತನ್ನೂ ತೆಗೆಯುತ್ತೇವೆ. ಜಗತ್ತಿನಲ್ಲಿ ಅತಿ ಹೆಚ್ಚು ಫಾರ್ವರ್ಡ್ ಮಾಡುವವರು ಭಾರತೀಯರೇ ಎಂದೂ ಅದೇ ಪ್ರಕಟಣೆಯಲ್ಲಿ ಕಂಪನಿ ಹೇಳಿತು. ಅಂದರೆ ಲೆಕ್ಕ ಅವರ ಬಳಿ ಇತ್ತು.

ಮೆಸೇಜು ಓದಲು ಆಗುವುದಿಲ್ಲ, ಹಾಗಾಗಿ ನಾವೇನು ಮಾಡಲಾದೀತು ಎಂಬ ವಾದಕ್ಕೆ ಇಲ್ಲೇ ಉತ್ತರವಿದೆ. ಅಂಚೆಯಣ್ಣ ಕಾಗದ ಒಡೆದು ಓದಬೇಕಿಲ್ಲ. ಆದರೆ ಒಂದೇ ಕಾಗದದ 64,000 ಪ್ರತಿ ಮಾಡಿ ಕ್ಷಣದಲ್ಲಿ ಹಂಚುವ ಯಂತ್ರವನ್ನು ಅಂಚೆ ಕಚೇರಿಯಲ್ಲಿ ಇಟ್ಟವರು ಯಾರು? ಐದರ ಮಿತಿ ಹಾಕಲು ಯಾರ ಮೆಸೇಜನ್ನೂ ಓದಬೇಕಾಗಲಿಲ್ಲ. 2019ರ ಜನವರಿಯಲ್ಲಿ ಅದನ್ನು ಇಡೀ ಜಗತ್ತಿಗೆ ಹಬ್ಬಿಸಿದರು, ಫಾರ್ವರ್ಡ್ ಶೇ 25ರಷ್ಟು ಇಳಿಯಿತು ಎಂದು ಕಂಪನಿಯೇ ಹೇಳಿತು. 2020ರ ಏಪ್ರಿಲ್‌ನಲ್ಲಿ, ಕೊರೊನಾ ಹೊತ್ತಿಗೆ, ಐದು ಅಥವಾ ಹೆಚ್ಚು ಕೈ ದಾಟಿ ಬಂದ ಮೆಸೇಜು ಒಮ್ಮೆಗೆ ಒಂದೇ ಕಡೆಗೆ ಎಂದು ಬಿಗಿ ಮಾಡಿದಾಗ ಅಂಥ ಮೆಸೇಜುಗಳ ಓಡಾಟ ಶೇ 70ರಷ್ಟು ಕುಸಿಯಿತಂತೆ. ಇದೂ ಅವರದೇ ಲೆಕ್ಕ.

ನಮ್ಮ ಪತ್ರಿಕೋದ್ಯಮದ ಮೊದಲ ಪಾಠಗಳಲ್ಲಿ 1867ರ ಒಂದು ಕಾಯ್ದೆ ಬರುತ್ತದೆ. ಬ್ರಿಟಿಷರು ಅದನ್ನು ಮಾಡಿದ್ದು ನಮ್ಮ ಹಿತಕ್ಕೇನಲ್ಲ. ಆದರೆ ಪತ್ರಿಕೆಯ ಕೊನೆಯ ಪುಟದ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರ ಹೆಸರು ಇರುತ್ತದಲ್ಲ, ಅದು ಆ ಕಾಯ್ದೆಯಿಂದ ಬಂದ ಪದ್ಧತಿ. ತಾಲ್ಲೂಕು ಪತ್ರಿಕೆಯವರೂ ತಪ್ಪು ಸುದ್ದಿ ಬಂದರೆ ಕೋರ್ಟಿಗೆ ಅಲೆಯುತ್ತಾರೆ. 2000ದ ಐಟಿ ಕಾಯ್ದೆಯ 79ನೇ ಸೆಕ್ಷನ್ ಮಾತ್ರ, ಬೇರೆಯವರು ಹಾಕಿದ್ದಕ್ಕೆ ವೇದಿಕೆ ಹೊಣೆಯಲ್ಲ ಎಂದು ಕೆಲವು ಷರತ್ತಿನ ಮೇಲೆ ರಕ್ಷಣೆ ಕೊಟ್ಟಿತು. ಈ ರಕ್ಷಣೆ ಬೇಕೇ ಬೇಕು ಎಂಬುದು ನನ್ನ ಅಭಿಪ್ರಾಯವೂ ಹೌದು. ಇಲ್ಲದಿದ್ದರೆ ಕಂಪನಿಗಳು ಹೆದರಿ, ಸರ್ಕಾರವನ್ನು ಟೀಕಿಸುವ ನಮ್ಮಂಥವರ ಬರಹವನ್ನೇ ಮೊದಲು ಅಳಿಸುತ್ತವೆ. ಆದರೆ ಜನ ಬರೆದದ್ದಕ್ಕೆ ಹೊಣೆ ಬೇಡ ಎನ್ನುವುದು ಬೇರೆ, ತಾನೇ ಕಟ್ಟಿದ ಯಂತ್ರಕ್ಕೂ ಹೊಣೆ ಬೇಡ ಎನ್ನುವುದು ಬೇರೆ. ನಮ್ಮ ಕಾನೂನು ಈ ಎರಡನ್ನೂ ಒಂದೇ ಗಂಟಿಗೆ ಕಟ್ಟಿತು.

2021ರ ಫೆಬ್ರುವರಿಯ ಹೊಸ ನಿಯಮಗಳೂ ಆ ಗಂಟು ಬಿಚ್ಚಲಿಲ್ಲ. ಕೇಳಿದಾಗ ಮೆಸೇಜನ್ನು ಮೊದಲು ಬರೆದವರು ಯಾರೆಂದು ಹೇಳಬೇಕು ಎಂದವು. ಅದೇ ವರ್ಷ ಮೇನಲ್ಲಿ ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು, 2024ರ ಏಪ್ರಿಲ್‌ನಲ್ಲಿ, ಗೂಢಲಿಪಿ ಮುರಿಯಿರಿ ಎಂದರೆ ದೇಶ ಬಿಡುತ್ತೇವೆ ಎಂದು ಅದರ ವಕೀಲರು ಹೇಳಿದರು. ಜಗಳ ಇಡಿಯಾಗಿ ‘ಮೊದಲು ಬರೆದವರು ಯಾರು’ ಎಂಬಲ್ಲೇ ಸಿಕ್ಕಿಕೊಂಡಿತು. ಕರಾಚಿಯ ವಿಡಿಯೊ ಮೊದಲು ಮಾಡಿದವರು ಮಕ್ಕಳ ಸಹಾಯವಾಣಿಯವರು. ಅವರನ್ನು ಹುಡುಕಿ ಹಿಡಿದಿದ್ದರೆ ಮುರ್ಕಿಯಲ್ಲಿ ಏನು ತಪ್ಪುತ್ತಿತ್ತು?

ಇತ್ತ 256 ಇದ್ದ ಗ್ರೂಪಿನ ಮಿತಿಯನ್ನು 2022ರಲ್ಲಿ ಮೊದಲು 512ಕ್ಕೆ, ಆಮೇಲೆ 1024ಕ್ಕೆ ಏರಿಸಿದರು. ಒಮ್ಮೆ ಫಾರ್ವರ್ಡ್ ಆಗಿ ಬಂದ ಮೆಸೇಜನ್ನು ಒಂದು ಸಲಕ್ಕೆ ಒಂದೇ ಗ್ರೂಪಿಗೆ ಕಳಿಸಬಹುದು ಎಂಬ ನಿಯಮವೂ ಅದೇ ವರ್ಷ ಬಂತು. 2018ರ ಐದು ಗ್ರೂಪು, ತಲಾ 256 ಜನ ಎಂದರೆ 1280. ಈಗ ಒಂದೇ ಗ್ರೂಪು, 1024 ಜನ.