ಬಂದ ನೀರು, ಹೋಗುವ ನೀರು

ವಿಜಯಪುರದ ಹಳೆಯ ಓಣಿಗಳಲ್ಲಿ ಅಲ್ಲಲ್ಲಿ ನಿಂತಿರುವ ಕಲ್ಲಿನ ಗೋಪುರಗಳನ್ನು ಪರಊರಿನವರು ಕಾವಲು ಬುರುಜುಗಳೆಂದು ಭಾವಿಸುವುದುಂಟು. ಅವು ಆದಿಲ್‌ಶಾಹಿ ಕಾಲದ ನೀರಿನ ಗೋಪುರಗಳು. ‘ಗಂಜ್’ ಎಂದು ಹೆಸರು. ಪಶ್ಚಿಮದ ತೊರವಿಯಿಂದ ಸುರಂಗದಲ್ಲಿ ನೀರು ಬರುತ್ತಿತ್ತು. 1651ರಲ್ಲಿ, ಮಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ, ಸಿದ್ಧವಾದ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ಬರುತ್ತಿತ್ತು. ಗಂಜಿನೊಳಗೆ ಹೊಕ್ಕ ನೀರಿನ ಒತ್ತಡ ತಗ್ಗಿ ಕೊಳವೆ ಒಡೆಯುವುದು ತಪ್ಪುತ್ತಿತ್ತು. ವೇಗ ಕಳೆದುಕೊಂಡ ನೀರಿನ ಹೂಳು ತಳಕ್ಕೆ ಕೂರುತ್ತಿತ್ತು.

ಕೊಳಚೆ ನೀರಿನ ಶುದ್ಧೀಕರಣ ಇಂದಿಗೂ ಆರಂಭವಾಗುವುದು ಇದೇ ಉಪಾಯದಿಂದ. ಆದರೆ ಬರುವ ನೀರಿಗೆ ಇಷ್ಟು ತಲೆ ಓಡಿಸಿದವರು ಹೋಗುವ ನೀರಿಗೆ ಗೋಪುರ ಕಟ್ಟಲಿಲ್ಲ. ಹಳ್ಳಿಗಳಲ್ಲಂತೂ ಆ ಪ್ರಶ್ನೆಯೇ ಇರಲಿಲ್ಲ. ಕೊಡದಲ್ಲಿ ಹೊತ್ತು ತಂದ ನೀರು ಬಚ್ಚಲಿನಿಂದ ಹಿತ್ತಲಿನ ಬಾಳೆಯ ಬುಡಕ್ಕೆ ಹೋದರೆ ಮುಗಿಯಿತು.

ಈಗ ಹಾಗಿಲ್ಲ. ತೊರವಿ ದಾಟಿ ಅಥಣಿ ರಸ್ತೆಯಲ್ಲಿ ಸಾಗಿದರೆ ತಿಕೋಟಾ. ನಗರದ ನೈಋತ್ಯಕ್ಕೆ ಬಬಲೇಶ್ವರ. ಎರಡೂ 2017ರಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳು. ಬರಕ್ಕೆ ಹೆಸರಾದ ಈ ಸೀಮೆಯಲ್ಲಿ ಮನೆಗೆ ನಲ್ಲಿ ಬರುವುದೇ ಹಬ್ಬ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. ಅದರಲ್ಲಿ ನೂರಕ್ಕೆ 80 ಪಾಲು ಕೊಳಚೆಯಾಗಿ ಹೊರಬೀಳುತ್ತದೆಂಬುದು ಎಂಜಿನಿಯರುಗಳ ರೂಢಿಯ ಅಂದಾಜು. ಅಂದರೆ 5000 ಜನರ ಊರಿನಿಂದ ದಿನಕ್ಕೆ 2 ಲಕ್ಷ 20 ಸಾವಿರ ಲೀಟರ್! ಯಾವ ಬಾಳೆ ಇಷ್ಟನ್ನು ಕುಡಿದೀತು?

ಮನೆಗೊಂದು ಇಂಗುಗುಂಡಿ ಎಂಬ ಪರಿಹಾರ ಮೊರಂ ನೆಲಕ್ಕೆ ಸರಿ. ಎರೆಮಣ್ಣು ನೆನೆದರೆ ಉಬ್ಬಿ ನೀರಿನ ದಾರಿಯನ್ನೇ ಮುಚ್ಚುತ್ತದೆ. ಗುಂಡಿ ತುಂಬಿ ನೀರು ಮತ್ತೆ ಗಟಾರಕ್ಕೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದ ದಂಡೆಯ ಬಾವಿಗೆ.

ದೊಡ್ಡ ನಗರಗಳ ದಾರಿ ಬೇರೆ. ಕೊಳಚೆಗೆ ಗಾಳಿಯೂದಿ, ಕೆಸರಿನ ಸೂಕ್ಷ್ಮಜೀವಿಗಳಿಂದಲೇ ಹೊಲಸನ್ನು ತಿನ್ನಿಸುವ ವಿಧಾನವನ್ನು ಆರ್ಡರ್ನ್ ಮತ್ತು ಲಾಕೆಟ್ 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಪ್ರಕಟಿಸಿದರು. ಅವರಿಗೆ ದಾರಿ ತೋರಿದ ಗಿಲ್ಬರ್ಟ್ ಫೌಲರ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಆದರೆ ಗಾಳಿಯೂದುವ ಯಂತ್ರಕ್ಕೆ ಹಗಲಿರುಳು ವಿದ್ಯುತ್ ಬೇಕು, ನುರಿತ ಕೈ ಬೇಕು. ಬೀದಿದೀಪದ ಬಿಲ್ಲಿಗೇ ತಿಣುಕಾಡುವ ಪಂಚಾಯಿತಿಗೆ ಅದು ಹೊರೆ.

ಈ ಸೀಮೆಗೆ ಒಪ್ಪುವುದು ಒಂದರಿಂದೊಂದಕ್ಕೆ ನೀರು ಹರಿಯುವ ಹೊಂಡಗಳ ಸಾಲು. ಮೊದಲನೆಯದು ಆಳ: ಗಂಜಿನಲ್ಲಿದ್ದಂತೆ ಇಲ್ಲಿಯೂ ಭಾರವಾದದ್ದು ತಳ ಸೇರುತ್ತದೆ, ಗಾಳಿ ಬೇಡದ ಜೀವಾಣುಗಳು ಅದನ್ನು ಕೊಳೆಸುತ್ತವೆ. ಮುಂದಿನವು ಆಳವಿಲ್ಲದ, ಹರವಾದ ಹೊಂಡಗಳು. ಬಿಸಿಲಿಗೆ ಬೆಳೆಯುವ ಪಾಚಿ ಆಮ್ಲಜನಕ ಬಿಡುತ್ತದೆ. ಅದರ ಬಲದಿಂದ ಬೇರೆ ಜೀವಾಣುಗಳು ಉಳಿದ ಹೊಲಸನ್ನು ಮುಗಿಸುತ್ತವೆ. ಕೊನೆಯ ಹೊಂಡದಲ್ಲಿ ಬಿಸಿಲೇ ರೋಗಾಣುಗಳನ್ನು ಬಹುಮಟ್ಟಿಗೆ ಕೊಲ್ಲುತ್ತದೆ. ವಿಜಯಪುರದಲ್ಲಿ ಬಿಸಿಲಿಗೇನು ಬಡತನ! ಆ ನೀರು ಮೇವಿನ ಬೆಳೆಗೆ, ಗಿಡಮರಗಳಿಗೆ ಆದೀತು. ಹಸಿಯಾಗಿ ತಿನ್ನುವ ಕಾಯಿಪಲ್ಲೆಗೆ ಬೇಡ. ಇಂಗುಗುಂಡಿಗೆ ಶತ್ರುವಾದ ಎರೆಮಣ್ಣು ಇಲ್ಲಿ ಮಿತ್ರ. ಸದಾ ಹಸಿಯಾಗಿದ್ದರೆ ಅದು ಬಿರುಕು ಬಿಡದೆ ಹೊಂಡದ ತಳವನ್ನು ಬಿಗಿಯಾಗಿ ಹಿಡಿದಿಡುತ್ತದೆ. ಇದಕ್ಕೆ ಬೇಕಾದುದು ಊರ ತಗ್ಗಿನಲ್ಲಿ ಜಾಗ. ಜೊತೆಗೆ, ಕೆಲವು ವರ್ಷಗಳಿಗೊಮ್ಮೆ ಮೊದಲ ಹೊಂಡದ ಕೆಸರೆತ್ತಲು ಪಂಚಾಯಿತಿಯ ಆಯವ್ಯಯದಲ್ಲಿ ಮುಂಚಿತವಾಗಿ ತೆಗೆದಿಟ್ಟ ಹಣ.