‘ಹಾಟ್’ ಅಂದರೆ ಎಷ್ಟು ಬಿಸಿ?

ಮಗಳಿಗೆ ಧೂಳಿನ ಅಲರ್ಜಿ. ಹೊದಿಕೆಗಳನ್ನು 130 ಡಿಗ್ರಿ ಫ್ಯಾರನ್‌ಹೀಟ್ ನೀರಲ್ಲಿ ಒಗೆಯಿರಿ, ಧೂಳಿನ ಹುಳ ಸಾಯುತ್ತೆ ಅಂದರು ಡಾಕ್ಟರು. ಇಲ್ಲಿ ಅಮೆರಿಕದ ನಮ್ಮ ಮೆಷಿನ್ನು ಮಾತ್ರ ‘ಹಾಟ್’ ಒತ್ತಿದರೂ ಉಗುರುಬೆಚ್ಚಗೇ ಒಗೆಯುತ್ತೆ. ಕೆಟ್ಟಿಲ್ಲ ಸ್ವಾಮಿ, ಇದರ ಹಿಂದೊಂದು ಇತಿಹಾಸವಿದೆ.

1907ರಲ್ಲಿ ಜರ್ಮನಿಯ ಹೆಂಕೆಲ್ ಕಂಪನಿ ಪರ್ಸಿಲ್ ಪುಡಿ ತಂದಿತು. ಅದರೊಳಗಿನ ಪರ್ಬೋರೇಟ್ ಕೊಳೆ ಬಿಡಿಸಬೇಕಾದರೆ ನೀರು ಚೆನ್ನಾಗಿ ಕಾಯಬೇಕು. ಹಾಗಾಗಿ ಯುರೋಪಿನ ಮೆಷಿನ್ನುಗಳ ಹೊಟ್ಟೆಯಲ್ಲೇ ಹೀಟರ್ ಬಂತು. ಅಮೆರಿಕದವರು ಹಿಡಿದದ್ದು ಬೇರೆ ದಾರಿ: ಹಿಂದುಗಡೆ ಬಿಸಿನೀರಿಗೊಂದು, ತಣ್ಣೀರಿಗೊಂದು ಪೈಪು, ಮೆಷಿನ್ನು ಬೆರೆಸುವುದಷ್ಟೇ. 1946ರಲ್ಲಿ ಟೈಡ್ ಬಂದಮೇಲೆ ಗಡಸು ನೀರಿನ ತಲೆನೋವೂ ತಗ್ಗಿತು.

ಬಿಸಿ ನೀರಲ್ಲಿ ಒಗೆಯುವಾಗ ಸುಮಾರು ಶೇ. 90ರಷ್ಟು ಶಕ್ತಿ ನೀರು ಕಾಯಿಸೋದಕ್ಕೇ ಹೋಗುತ್ತೆ. ಆ ಉಳಿತಾಯದ ಲೆಕ್ಕದಲ್ಲೇ 2005ರಲ್ಲಿ ತಣ್ಣೀರಿನ ಟೈಡ್ ಬಂತು. ಹೊಸ ಮೆಷಿನ್ನುಗಳು ‘ಹಾಟ್’ಗೂ ಒಂದಿಷ್ಟು ತಣ್ಣೀರು ಬೆರೆಸತೊಡಗಿದವು. ಮೈ ಸುಡದಿರಲಿ ಅಂತ ಮನೆಯ ವಾಟರ್ ಹೀಟರನ್ನು 120 ಡಿಗ್ರಿಗೆ ಇಡಿ ಅನ್ನೋದು ಇಲ್ಲಿಯ ಸಲಹೆ. ಅಲ್ಲಿಗೆ 130 ಎಲ್ಲಿಂದ ಬರಬೇಕು?

ಆದರೂ ಮೊದಲು ಇಷ್ಟು ನೋಡಿ. ಪೈಪುಗಳು ಅದಲುಬದಲಾಗಿವೆಯಾ? ಬಿಸಿನೀರಿನ ನಲ್ಲಿ ಪೂರ್ತಿ ತೆರೆದಿದೆಯಾ? ಪೈಪಿನ ತುದಿಯ ಜಾಲರಿಯಲ್ಲಿ ಮರಳು ಕಟ್ಟಿದೆಯಾ? ಹೀಟರ್ ದೂರವಿದ್ದರೆ ಪಕ್ಕದ ಸಿಂಕಿನಲ್ಲಿ ಬಿಸಿನೀರು ಬರುವ ತನಕ ಬಿಟ್ಟು, ಆಮೇಲೆ ಮೆಷಿನ್ ಶುರು ಮಾಡಿ.

ಅಷ್ಟಕ್ಕೂ ಆಗದಿದ್ದರೆ ಡ್ರೈಯರಿನ ಜೋರು ಬಿಸಿಯೇ ಗತಿ. ಇಲ್ಲವೇ ಒಳಗೇ ಹೀಟರಿರುವ ‘ಸ್ಯಾನಿಟೈಜ್’ ಮೆಷಿನ್ನು. ಯುರೋಪಿನ ಆ ಹಳೇ ಉಪಾಯವೇ ಈಗ ಇಲ್ಲಿ ಹೊಸ ಸೌಲಭ್ಯ!